ಒಂಬತ್ತರಲ್ಲಿ ನಿಲ್ಲಿಸದ ಶಾಲೆ

ಬ್ಯೂನಾ ವಿಸ್ಟಾ, ಸಿಂಗಪುರ
೮ ಏಪ್ರಿಲ್ ೨೦೦೭, ಭಾನುವಾರ

ಅದ್ವಿಕಾಳ ಪಪ್ಪಾ ಅವರಿಗೆ ಅಕ್ಷತಾಳ ಶರಣಾರ್ಥಿ.

ಮಗಳನ್ನು ಜೂನ್‌ನಲ್ಲಿ ನಿಮ್ಮ ಹೈಸ್ಕೂಲಿಗೆ, ಎಂಟನೆಯ ತರಗತಿಗೆ ಕಳಿಸು ಎಂದು ಬರೆದಿದ್ದಿರಿ. ಶಾಲೆ ಹೇಗಿದೆಯೆಂದು ನಾನೇ ನೋಡಿ ಹೇಳುತ್ತೇನೆ ಅಂದಿದ್ದೆ. ನೋಡಿದೆ. ನಗಬೇಡಿ. ಒನ್-ನಾರ್ತ್‌ನ ಆಫೀಸಿನಲ್ಲಿ ದಿನವಿಡೀ ಕಂಡವರ ಅಂಕಿಅಂಶ ಜಾಲಾಡುವವಳು ಸ್ವಂತ ಮಗಳಿಗಾಗಿ ಅಷ್ಟೂ ಮಾಡಬಾರದೇ?

ಸಿಕ್ಕಿದ್ದೇ ಕಡಿಮೆ. ನಿಮ್ಮ ಹೋಬಳಿಯ ಹೈಸ್ಕೂಲುಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಇರುವುದು ತರಗತಿವಾರು ಮಕ್ಕಳ ಸಂಖ್ಯೆ, ಎಸ್ಸೆಸ್ಸೆಲ್ಸಿ ಫಲಿತಾಂಶ, ಶಿಕ್ಷಕರ ಹುದ್ದೆಗಳು, ಅಷ್ಟೇ. ಇದ್ದುದರಲ್ಲೇ ಹೋಲಿಸಿದೆ. ಫಲಿತಾಂಶದಲ್ಲಿ ನಿಮ್ಮದೇ ಕೊನೆ. ಬಸ್ ಸ್ಟ್ಯಾಂಡಿನ ಹತ್ತಿರದ ಶಾಲೆಗೆ ನೂರಕ್ಕೆ ನೂರು, ನಿಮ್ಮದಕ್ಕೆ ಅರವತ್ತೊಂದು. ನಿಜ ಹೇಳಲೇ, ಖುಷಿಯಾಯಿತು. ಮಾವನವರು ಕಟ್ಟಿದ ಶಾಲೆ ಮುಚ್ಚಬಾರದೆಂದು ಇಲ್ಲಿಯ ಟುವಾಸ್‌ನ ಒಳ್ಳೆಯ ಕೆಲಸ ಬಿಟ್ಟು ಹೊರಟಿರಲ್ಲ, ಆ ಶಾಲೆ ಉದ್ಧಾರವಾಗದು ಎಂದು ಆಗ ನಾನು ಅಂದದ್ದೇ ಸರಿ ಎಂದು ಬೀಗಿದೆ. ಮಗಳನ್ನು ಕಳಿಸುವುದಿಲ್ಲ ಎಂದು ಬರೆಯಲು ಕುಳಿತೆ.

ಅಷ್ಟರಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಆ ನೂರಕ್ಕೆ ನೂರರ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಎಂಬತ್ತು ಮಕ್ಕಳಿದ್ದರೆ, ಮರುವರ್ಷ ಹತ್ತರಲ್ಲಿ ಐವತ್ತೂ ಇಲ್ಲ. ರಿಸಲ್ಟ್ ಕೆಡುತ್ತದೆಂದು ದಡ್ಡರನ್ನು ಒಂಬತ್ತರಲ್ಲೇ ನಿಲ್ಲಿಸುವುದು ನಮ್ಮ ಕಡೆ ಹೊಸದೇ? ನನ್ನ ಗೆಳತಿ ಶಕುಂತಲಾ ಹಾಗೆ ನಿಂತವಳು ಮತ್ತೆ ಶಾಲೆಯ ಕಡೆ ಮುಖ ಹಾಕಲಿಲ್ಲ. ನಿಮ್ಮಲ್ಲಿ ಮಾತ್ರ ಒಂಬತ್ತರಲ್ಲಿದ್ದವರಷ್ಟೂ ಹತ್ತಕ್ಕೆ ಬಂದಿದ್ದಾರೆ. ನಪಾಸಾಗುವವನೆಂದು ಗೊತ್ತಿದ್ದೂ ಪರೀಕ್ಷೆಗೆ ಕೂರಿಸಿದ್ದೀರಿ. ಹೆಮ್ಮೆಯಾಯಿತು, ಹಿಂದೆಯೇ ಸಿಟ್ಟೂ ಬಂತು. ಊರವರ ಮಕ್ಕಳಲ್ಲಿ ಒಬ್ಬರನ್ನೂ ಕೈಬಿಡದವರು ನಮ್ಮನ್ನು ಹೇಗೆ ಬಿಟ್ಟು ಹೋದಿರಿ?

ನೀನೂ ಬಾ ಅಂದಿದ್ದಿರಿ, ಇಲ್ಲವೆನ್ನುವುದಿಲ್ಲ. ಆದರೆ ಒಂದೇ ಸಲ ಅಂದಿರಿ. ನಾನು ಒಲ್ಲೆ ಅಂದೆ, ನೀವು ಕಪಾಟಿನ ಮೇಲಿಂದ ಸೂಟ್‌ಕೇಸ್ ಇಳಿಸಿದಿರಿ.

ಮೊನ್ನೆ ಕನ್ನಡ ಸಂಘದ ಯುಗಾದಿಯಲ್ಲಿ ಜಯಾ ಆಂಟಿ ಮತ್ತೆ ನಿಮ್ಮನ್ನು ಕೇಳಿದರು. ಟೂರಿನಲ್ಲಿದ್ದಾರೆ ಅಂದೆ. ಎರಡು ವರ್ಷದಿಂದ ನೀವು ಟೂರಿನಲ್ಲಿದ್ದೀರಿ. ಅದ್ವಿಕಾ ಭಾನುವಾರವೂ ಬ್ಯಾಂಡ್ ಪ್ರಾಕ್ಟೀಸ್, ಫ್ರೆಂಡ್ಸ್ ಎಂದು ಹೊರಗಿರುತ್ತಾಳೆ. ನಾನು ಹಾಕರ್ ಸೆಂಟರಿನಲ್ಲಿ ಒಬ್ಬಳೇ ಉಂಡು ಬಂದು, ಮೇಲೆ ಹೋಗಲು ಮನಸ್ಸಾಗದೆ, ನಮ್ಮ ಕಟ್ಟಡದ ಕೆಳಗಿನ ತೆರೆದ ಅಂಗಳ, ಆ ವಾಯ್ಡ್ ಡೆಕ್‌ನಲ್ಲಿ ಚದುರಂಗ ಆಡುವ ಚೀನೀ ಅಜ್ಜಂದಿರ ಪಕ್ಕ ಕೂರುತ್ತೇನೆ. ಅವರ ಮಾತು ಒಂದಕ್ಷರವೂ ತಿಳಿಯುವುದಿಲ್ಲ. ಆದರೂ ಕಿವಿಗೆ ಮಾತಿನ ಸದ್ದು ಬೀಳುತ್ತದಲ್ಲ.

ಅಂಕಿಗಳನ್ನೆಲ್ಲ ಮಗಳ ಮುಂದಿಟ್ಟೆ. ತಿರುಗಿ ನೋಡಲಿಲ್ಲ ಮಹಾರಾಯ್ತಿ. "ಪಪ್ಪಾ ಇರೋ ಸ್ಕೂಲ್ ತಾನೇ? ಹೋಗ್ತೀನಿ ಲಾ," ಎಂದು ಇಲ್ಲಿಯವರ ಧಾಟಿಯಲ್ಲೇ ಅಂದಳು. ಬೂಟು ಹಾಕಿಕೊಂಡು ಬಾಗಿಲವರೆಗೆ ಹೋದವಳು ನಿಂತು, "ನೀನೊಬ್ಳೇ ಏನ್ ಮಾಡ್ತೀಯಾ ಮಮ್ಮಿ?" ಎಂದು ಕೇಳಿದಳು. ನನಗೆ ಬೇಕಾದಷ್ಟು ಕೆಲಸವಿದೆ, ಲೇಟಾಗುತ್ತದೆ ನಡೆ ಅಂದೆ.

ಕಳಿಸುತ್ತೇನೆ. ಕನ್ನಡ ಓದುತ್ತಾಳೆ, ಒತ್ತಕ್ಷರ ನುಂಗುತ್ತಾಳೆ. ರೊಟ್ಟಿ ಇಷ್ಟ, ನಿಮ್ಮ ಕಡೆಯ ಕೆಂಪು ಚಟ್ನಿ ತಡೆಯುವುದಿಲ್ಲ. ಹೆಡ್‌ಮಾಸ್ತರರ ಮಗಳೆಂದು ಮುದ್ದು ಮಾಡಿ ಕೆಡಿಸಬೇಡಿ.

ನನ್ನ ಚಿಂತೆ ಬೇಡ. ಇಲ್ಲಿ ನನಗೆ ಯಾವುದಕ್ಕೂ ಕಡಿಮೆಯಿಲ್ಲ.

ಇಂತಿ,
ಅಕ್ಷತಾ

ತಾ.ಕ.: ನಿಮ್ಮ ಶಾಲೆಯಲ್ಲಿ ಗಣಿತ ಶಿಕ್ಷಕರ ಹುದ್ದೆ ಖಾಲಿ ಎಂದು ತೋರಿಸುತ್ತಿದೆ. ಆದರೆ ಮಾಹಿತಿ ಹೋದ ವರ್ಷದ್ದು. ಈಗಲೂ ಖಾಲಿಯಿದೆಯೇ? ಮದುವೆಗೆ ಮುಂಚೆ ನಾನು ಬಿ.ಎಡ್. ಮಾಡಿದ್ದು ನಿಮಗೆ ನೆನಪಿರಬೇಕು. ಖಾಲಿಯಿದ್ದರೆ ಸದ್ಯಕ್ಕೆ ಯಾರನ್ನೂ ತೆಗೆದುಕೊಳ್ಳಬೇಡಿ. ಎರಡನೆಯ ಸಲ ಬಾ ಅನ್ನಿ, ನೋಡೋಣ.