ದಾವಲಸಾಬರ ಕುದುರೆಗಳ ಮೇವು

ಉಳಿಕೆ ತಿಂಗಳ ಎರಡನೆಯ ದಿನ, ೨೧೯೪
ತುಂಗಭದ್ರೆಯ ಎಡದಂಡೆ

ಆಸ್ಪತ್ರೆಗಳಿಗೆ ಔಷಧ ಕೊಳ್ಳುವ ನಿಯಮ ಬರೆಯುತ್ತಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ವರ್ಷದಲ್ಲಿ ಮಿಕ್ಕ ದಿನಗಳನ್ನೆಲ್ಲ ಕೂಡಿಸಿ ನಾವು ಹದಿಮೂರನೆಯ ತಿಂಗಳು ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಾನು ಇಲ್ಲಿನ ಆಸ್ಪತ್ರೆಯ ಔಷಧ ಉಗ್ರಾಣ ನೋಡಿಕೊಳ್ಳುವವಳು.

ನಿಮ್ಮ ಕಾಲದ ಕಡತಗಳನ್ನು ಓದಿದ್ದೇನೆ. ಹತ್ತಿ, ಸಲೈನ್, ಆಮ್ಲಜನಕ ಕೊಟ್ಟವರು ಬಿಲ್ಲಿಗಾಗಿ ಎಂಟೆಂಟು ತಿಂಗಳು ಚಪ್ಪಲಿ ಸವೆಸುತ್ತಿದ್ದರಂತೆ. ಅದನ್ನು ತಪ್ಪಿಸಲೆಂದೇ ನಮ್ಮಲ್ಲಿ ಸೋಕುಹಣ ಬಂತು. ಔಷಧ ರೋಗಿಯ ಮೈಗೆ ಸೋಕಿದ ಗಳಿಗೆಯಲ್ಲೇ ಅದನ್ನು ಮಾಡಿದವರಿಗೆಲ್ಲ ಹಣ ಸೇರುತ್ತದೆ. ಮುದುಕರೊಬ್ಬರು ಒಂದು ಚಮಚ ಕೆಮ್ಮಿನ ಔಷಧ ಕುಡಿದರೆ, ನರ್ಸ್ ಚಮಚ ಒರೆಸುವಷ್ಟರಲ್ಲಿ ಸೊಪ್ಪು ಕಿತ್ತವಳು, ಸೀಸೆ ಊದಿದವನು, ಬಂಡಿ ಹೊಡೆದವನು ಎಲ್ಲರ ಕೈಬಳೆಯೂ ಬೆಚ್ಚಗಾಗುತ್ತದೆ. ಹಣ ಬಂದ ಗುರುತು ಅದು. ಇದಕ್ಕಿಂತ ನ್ಯಾಯವಾದ ನಿಯಮ ಇನ್ನೊಂದಿಲ್ಲ ಎಂದು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ.

ನಮಗೆ ಹಾವಿನ ವಿಷದ ಮದ್ದು ಕೊಡುತ್ತಿದ್ದವರು ದಾವಲಸಾಬರು. ಕುದುರೆಗೆ ಚೂರು ಚೂರು ವಿಷ ಕೊಟ್ಟು, ಅದರ ರಕ್ತದಿಂದ ಮದ್ದು ತೆಗೆಯುವುದು ನಿಮಗೂ ಗೊತ್ತು. ಅವರ ಬಳಿ ಹನ್ನೆರಡು ಕುದುರೆಗಳಿದ್ದವು. ಆದರೆ ಎರಡು ವರ್ಷ ನಮ್ಮ ಸೀಮೆಯಲ್ಲಿ ಯಾರಿಗೂ ಹಾವು ಕಚ್ಚಲಿಲ್ಲ. ನಾವು ಸಂತೋಷಪಟ್ಟೆವು. ಅವರ ಕೈಬಳೆ ಮಾತ್ರ ತಣ್ಣಗೇ ಇತ್ತು. ಮೂರು ಸಲ ಉಗ್ರಾಣಕ್ಕೆ ಬಂದರು. ಮೂರನೆಯ ಸಲ ಬಾಗಿಲಲ್ಲೇ ನಿಂತು ಕೇಳಿದರು:

“ಹಾವು ಕಡೀಲಿಲ್ಲಂತ ಕುದುರಿ ಉಪಾಸ ಇರತಾವೇನ್ರಿ, ಅಕ್ಕಾರ?”

ನಾನು ನಿಯಮ ಓದಿ ಹೇಳಿ ಕಳಿಸಿದೆ. ಕಪಾಟಿನಲ್ಲಿದ್ದ ಸೀಸೆಗಳ ಅವಧಿ ಮುಗಿಯಿತು. ಹೊಸದು ಬರಲಿಲ್ಲ.

ಸಜ್ಜೆ ಕೊಯ್ಲಿನ ಹೊತ್ತಿಗೆ ನಮ್ಮ ನರ್ಸ್ ಹುಲಿಗೆವ್ವಳಿಗೆ ಹೊಲದಲ್ಲಿ ಹಾವು ಕಚ್ಚಿತು, ಬಲಗೈಗೆ. ಕಪಾಟಿನಲ್ಲಿ ಬಳಸಬಹುದಾದ ಒಂದು ಸೀಸೆಯೂ ಇರಲಿಲ್ಲ. ಬೇರೆ ಊರಿನಿಂದ ಮದ್ದು ಬರಲು ಒಂದು ದಿನ ಬೇಕಿತ್ತು. ನಾಚಿಕೆ ಬಿಟ್ಟು ದಾವಲಸಾಬರ ಮನೆಗೆ ಓಡಿದೆ. ಹನ್ನೊಂದು ಕುದುರೆಗಳನ್ನು ಮಾರಿ, ಒಂದು ಮುದಿ ಹೆಣ್ಣು ಕುದುರೆಯನ್ನು ಮಾತ್ರ ತಮ್ಮ ಊಟ ಕಡಿಮೆ ಮಾಡಿ ಸಾಕಿಕೊಂಡಿದ್ದರು. ಅದರ ಮದ್ದಿನ ಹತ್ತು ಸೀಸೆಗಳನ್ನು, ಒಂದು ಕಟು ಮಾತೂ ಆಡದೆ, ನನ್ನ ಸೆರಗಿಗೆ ಹಾಕಿದರು.

ಹುಲಿಗೆವ್ವ ಉಳಿದಳು. ಎರಡು ಬೆರಳು ಉಳಿಯಲಿಲ್ಲ. ದಾವಲಸಾಬರ ಕೈಬಳೆ ಆ ಗಳಿಗೆಯಲ್ಲೇ ಬೆಚ್ಚಗಾಯಿತು, ಹತ್ತು ಸೀಸೆಗೆ ಸರಿಯಾಗಿ. ಕುದುರೆಯ ಒಂದು ತಿಂಗಳ ಮೇವಿಗೂ ಅದು ಸಾಲದು. ಆವತ್ತು ನಾನು ಅತ್ತೆ.

ಈಗ ನಾವು ಕಾವಲುಹಣ ಕೊಡುತ್ತೇವೆ. ಬೇಕಾಗುವ ದಿನಕ್ಕಾಗಿ ಸಿದ್ಧವಾಗಿರುವವರಿಗೆ, ಯಾರಿಗೂ ಏನೂ ಆಗದಿದ್ದರೂ, ತಿಂಗಳು ತಿಂಗಳು ಸಲ್ಲುವ ಹಣ ಅದು. ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಕೊಟ್ಟವರನ್ನು ಕಾಯಿಸಬೇಡಿ. ಆದರೆ ಬಳಸಿದ್ದಕ್ಕಷ್ಟೇ ಹಣ ಕೊಟ್ಟರೆ ಸಾಕು ಎಂದು ಸಭೆಯಲ್ಲಿ ಯಾರಾದರೂ ಹೇಳಿದರೆ, ಒಪ್ಪುವ ಮೊದಲು ಕುದುರೆಯ ಮೇವಿನ ಮಾತು ಎತ್ತಿ.

ಈ ಪತ್ರಕ್ಕೆ ಹುಲಿಗೆವ್ವಳೂ ಸಹಿ ಮಾಡಿದ್ದಾಳೆ. ಎಡಗೈ ಸಹಿ, ಸೊಟ್ಟಗಿದ್ದರೆ ಮನ್ನಿಸಿ.

ಶಂಕ್ರಮ್ಮ ಅಳವಂಡಿ
ಹುಲಿಗೆವ್ವ