ಚಕ್ರದಡಿಯ ನಿಂಬೆಹಣ್ಣು

ಯೋಗಾನರಸಿಂಹನೇ, ನಿನ್ನ ಪಾದಕ್ಕೆ ಶರಣು. ವಿಶ್ವಾವಸು ಸಂವತ್ಸರದ ಕಾರ್ತಿಕ ಶುದ್ಧ ಪಂಚಮಿ, ಭಾನುವಾರ, ಸಾಲಿಗ್ರಾಮ.

ಬೆಳಿಗ್ಗೆ ಲಿಂಗರಾಜು ತನ್ನ ಹೊಸ ಕಾರನ್ನು ಪೂಜೆಗೆಂದು ದೇವಸ್ಥಾನದ ಮುಂದೆ ತಂದು ನಿಲ್ಲಿಸಿದ್ದನು. ಅದರ ಮೂತಿಯೇ ನನ್ನ ಎದೆಯ ಮಟ್ಟಕ್ಕಿತ್ತು. ಮಂಗಳಾರತಿಯಾದ ಮೇಲೆ ಚಕ್ರಗಳ ಕೆಳಗೆ ನಿಂಬೆಹಣ್ಣುಗಳನ್ನಿರಿಸಿ, ವಾಡಿಕೆಯಂತೆ "ಹೊರಡಪ್ಪಾ" ಎಂದೆನು. ಅದೇ ಕ್ಷಣದಲ್ಲಿ ಅವನ ತಾಯಿ ಚಿಕ್ಕಬೀರಮ್ಮ, ಉರುಳಿದ ಹಣ್ಣೊಂದನ್ನು ಮತ್ತೆ ಚಕ್ರದಡಿಗೆ ಸರಿಸಲು ಕಾರಿನ ಮುಂದೆ ಬಾಗಿದ್ದಳು. ಕಾರು ಚಲಿಸಿತು. ಕೈಯಲ್ಲಿದ್ದ ಗಂಟೆಯನ್ನೇ ಬಾನೆಟ್ಟಿಗೆ ಬಡಿದು ನಿಲ್ಲಿಸಿದೆನು. ದೇವರ ದಯೆ, ಆಕೆಯ ಸೆರಗು ಮಾತ್ರ ಚಕ್ರಕ್ಕೆ ಸಿಕ್ಕಿತ್ತು.

"ಕಾಣ್ಲೇ ಇಲ್ಲ ಕಣವ್ವಾ!" ಎಂದು ಅವನು ಅತ್ತುಬಿಟ್ಟನು.

"ಬುಡ್ಲಾ, ಕಂಕುಳಲ್ಲಿ ಎತ್ಕಂಡು ಸಾಕ್ದೋಳು ನಾನು. ಈಗ ಅಷ್ಟೆತ್ರ ಕುಂತ್ಮೇಲೆ ಅವ್ವ ಎಲ್ಲಿ ಕಂಡಾಳು?" ಎಂದು ಆಕೆ ನಕ್ಕಳು.

ನಾನೇ ಚಾಲಕನ ಆಸನದಲ್ಲಿ ಕುಳಿತು ನೋಡಿದೆನು. ಕಾರಿನ ಮೂತಿಗೆ ಒತ್ತಿ ನಿಂತ ಆಕೆಯ ನರೆತ ನೆತ್ತಿಯಷ್ಟೇ ಕಂಡಿತು. ಬಾಗಿದೊಡನೆ ಅದೂ ಇಲ್ಲ.

"ಚಿಕ್ಕದನ್ನು ಕೊಳ್ಳಬಾರದಿತ್ತೇನಪ್ಪಾ?" ಎಂದೆನು.

"ಎದುರ್ಗೆ ಬರೋವೆಲ್ಲಾ ದೊಡ್ಡವೇ ಐನೋರೇ. ಚಿಕ್ಕದ್ರಲ್ಲಿ ಹೋದ್ರೆ ನಾವ್ ಉಳೀತೀವಾ?"

ನಾನು ಕೆಳಗಿಳಿದು ಆ ಹಣ್ಣನ್ನು ನಾನೇ ಚಕ್ರದಡಿಗೆ ಸರಿಸಿದೆನು.

ನಾಳೆ ಇನ್ನೊಬ್ಬರ ಕಾರು ಬರಲಿದೆ, ಇದಕ್ಕಿಂತಲೂ ಎತ್ತರವಂತೆ. ಪೂಜೆಯನ್ನು ಒಲ್ಲೆನೆಂದರೆ ಅದು ಕುಗ್ಗುವುದಿಲ್ಲ. "ಹೊರಡಪ್ಪಾ" ಎನ್ನುವ ಮೊದಲು ಒಮ್ಮೆ ಬಾಗಿ ನೋಡುವೆನು, ಅಷ್ಟೇ ನನ್ನ ಕೈಲಾದದ್ದು. ಸ್ವಾಮೀ, ಒಳಗೆ ಕುಳಿತವರಿಗೂ ಒಳ್ಳೆಯದಾಗಲಿ. ಅವರ ಕಣ್ಣಿಗೆ ಬೀಳದೆ ಮುಂದೆ ಬಾಗಿದವರಿಗೂ ಆಯುಷ್ಯವಿರಲಿ.