ಮುಂದಿನ ಸೀಟಿಗಾಗಿ ತೊಳೆದ ಟ್ಯಾಂಕು

ಮಾವಾ,

ಮೊದಲು ಖರ್ಚು ಹೇಳಿಬಿಡುತ್ತೇನೆ, ಬೈಯೋದಿದ್ದರೆ ಆಮೇಲೆ ಬೈಯುವೆಯಂತೆ. ಗುಜರಿಯಿಂದ ತಂದ ಪೆಟ್ರೋಲ್ ಟ್ಯಾಂಕಿಗೆ ಸಾವಿರದ ಎಂಟುನೂರು. ಮೆಕ್ಯಾನಿಕ್ ಸೆಲ್ವಂಗೆ ಮೂರು ಸಾವಿರ, ಅವನು ಕುಡಿದ ಟೀ ಬೇರೆ. ಬ್ಯಾಟರಿ, ಪೈಪು, ಫಿಲ್ಟರು ಅಂತ ಇನ್ನೊಂದಷ್ಟು. ಹುಣಸೆಹಣ್ಣು ಎರಡು ಕೆಜಿ, ಅದೂ ಅತ್ತೆಯ ವರ್ಷಪೂರ್ತಿಯ ಡಬ್ಬದಿಂದ. ನನ್ನ ಎರಡು ಅಂಗಿ, ಒಂದು ಲುಂಗಿ. ಪಕ್ಕದ ಮನೆಯವರ ಜೊತೆಗಿದ್ದ ಮಾತುಕತೆ. ಜೋನಿಬೆಲ್ಲ ಅಂದರೆ ಬಾಯಲ್ಲಿ ನೀರೂರುತ್ತಿದ್ದ ನನ್ನ ನಾಲಿಗೆ. ಇಷ್ಟೆಲ್ಲ ಯಾಕೆ? ನಿನ್ನ ಹೆಂಡತಿಯನ್ನು ನಿನ್ನ ಕಾರಿನ ಮುಂದಿನ ಸೀಟಲ್ಲಿ ಕೂರಿಸಿ ಕೃಷ್ಣಗಿರಿ ಡ್ಯಾಮಿನವರೆಗೆ ಕರೆದುಕೊಂಡು ಹೋಗಿ ಬರೋದಕ್ಕೆ. ನೀನು ಬದುಕಿದ್ದಾಗ ಬಿಟ್ಟಿಯಾಗಿ ಮಾಡಬಹುದಿತ್ತು.

ನೀನು ಹೋದ ಮೇಲೆ ಬಾಡಿಗೆಗೆ ಓಡಿಸುತ್ತಿದ್ದ ಆ ಬಿಳಿ ಅಂಬಾಸಿಡರನ್ನು ಅವಲಪಲ್ಲಿಯ ಮನೆ ಹಿಂದೆ ನುಗ್ಗೆಮರದ ಕೆಳಗೆ ನಿಲ್ಲಿಸಿದ್ದೇ ಕೊನೆ, ಮೂರು ಮಳೆಗಾಲ ಯಾರೂ ಅದರ ಬಾಗಿಲು ತೆಗೆಯಲಿಲ್ಲ. ಟ್ಯಾಂಕು ತುಕ್ಕು ಹಿಡಿದು ತಳವೇ ಉದುರಿಹೋಯಿತು. ಒಂದು ಭಾನುವಾರ ನಿನ್ನ ಮಗ ಮುನಿರಾಜ ಮೂಕಂಡಪಲ್ಲಿಗೆ, ನನ್ನ ಖಾಲಿ ಡ್ರಮ್ಮಿನ ಗೋಡೌನಿಗೆ ಬಂದ. ಮುಖದ ತುಂಬ ಲಾಭ.

"ಬಾವ, ಅಪ್ಪನ ಕಾರಿಗೆ ಪಾರ್ಟಿ ಸಿಕ್ತು. ಕೃಷ್ಣಗಿರಿ ರೋಡಲ್ಲಿ ಯಾರೋ ಕಾಫಿ ಹೋಟ್ಲು ಮಾಡ್ತಾವ್ರೆ. ಹಳೇ ಕಾರು ಕುಯ್ದು ಸೋಫಾ ಮಾಡ್ತಾರಂತೆ. ಜನ ಅದ್ರಲ್ಲಿ ಕೂತು ಫೋಟೋ ಹಿಡಕಂಡು ಕಾಫಿ ಕುಡೀತಾರಂತೆ."

"ಓಡ್ತದಾ ಅಂತ ಕೇಳಲಿಲ್ವಾ?"

"ಸೋಫಾ ಯಾಕೆ ಓಡ್ಬೇಕು?"

ಮಾತು ಸರಿಯೇ ಮಾವ. ನಾನೂ ವ್ಯಾಪಾರಿ, ತಪ್ಪು ಹುಡುಕಲಾಗಲಿಲ್ಲ. ಆದರೂ ನೀನು ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಊದುಬತ್ತಿ ಹಚ್ಚುತ್ತಿದ್ದ ಆ ಬಾನೆಟ್ಟಿನ ಮೇಲೆ ಯಾರೋ ಕಾಫಿ ಲೋಟ ಇಡೋದು... ಬಿಡು. ಮಾರೋದಕ್ಕೆ ಅತ್ತೆಯೂ ಅಡ್ಡ ಬರಲಿಲ್ಲ. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ಒಂದೇ ಮಾತು ಹೇಳಿದಳು.

"ಮಾರ್ಕಳ್ರಪ್ಪ, ಬ್ಯಾಡ ಅಂದೋರ್ಯಾರು? ಅದಕ್ ಮುಂಚೆ ಒಂದ್ಸಲ ನಾ ಅದ್ರ ಮುಂದಿನ ಸೀಟಲ್ ಕೂತು ಡ್ಯಾಮಿಗೋಗಿ ಮೀನು ತಿಂದ್ಕಂಡ್ ಬರ್ಬೇಕು."

"ನನ್ ಕಾರಲ್ ಕರ್ಕಂಡೋಗ್ತೀನಿ ಬಾರಮ್ಮ, ಏಸಿ ಅದೆ" ಅಂದ ಮುನಿರಾಜ.

"ನಿನ್ ಕಾರಲ್ ನಿನ್ ನಾಯೂ ಮುಂದೇನೇ ಕೂರ್ತದೆ."

ಅವನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಶೂಳಗಿರಿಯಲ್ಲಿ ಅತ್ತೆಯ ತಂಗಿ ಮನೆ ಗೃಹಪ್ರವೇಶ ನೆನಪಿದೆಯಾ ಮಾವ? ಅತ್ತೆ ಸ್ಟೀಲ್ ಕೊಡ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದಳು, ನಾನು ಪಕ್ಕದಲ್ಲಿ ಕಂಬ ಹಿಡಿದು ನಿಂತಿದ್ದೆ. ನೀನು ಬೆಂಗಳೂರಿನ ಗಿರಾಕಿಗಳನ್ನು ಡ್ಯಾಮಿಗೆ ಕರೆದೊಯ್ಯುತ್ತಾ ಅದೇ ಬಸ್ಸನ್ನು ಹಿಂದೆ ಹಾಕಿದೆ. ಹಾಕಿ ಸುಮ್ಮನೆ ಹೋದೆಯಾ? ಹಾರ್ನ್ ಬೇರೆ ಹೊಡೆದೆ! ಮುಂದಿನ ಸೀಟು ಗಿರಾಕಿಯದು, ಮನೆ ಹೆಂಗಸರು ಕೂತರೆ ಬಾಡಿಗೆ ಹತ್ತಲ್ಲ ಅನ್ನೋದು ಹೊಸೂರು ಬಸ್ ಸ್ಟ್ಯಾಂಡಿನ ನಿಮ್ಮ ಡ್ರೈವರ್‌ಗಳ ಕಾನೂನು. ಯಾವನು ಮಾಡಿದನೋ. ಊರಿಗೆಲ್ಲ ಡ್ಯಾಮಿನ ಮೀನು ತೋರಿಸಿದವನು ಕಟ್ಟಿಕೊಂಡವಳಿಗೆ ಅದರ ಮುಳ್ಳನ್ನೂ ತೋರಿಸಲಿಲ್ಲ.

ಕಾರು ಹೊತ್ತೊಯ್ಯೋ ಟೆಂಪೋ ಮುಂದಿನ ಸೋಮವಾರ ಬರುತ್ತದೆ, ಅಷ್ಟರಲ್ಲಿ ಓಡಿದರೆ ಓಡಿತು, ಇಲ್ಲದಿದ್ದರೆ ಇಲ್ಲ ಅಂದ ಮುನಿರಾಜ. ನಡುವೆ ಇದ್ದದ್ದು ಒಂದು ವಾರ. ಸೆಲ್ವಂ ಬಂದು ನೋಡಿ, ಇಂಜಿನ್ನು ಏಳುತ್ತದೆ, ಟ್ಯಾಂಕೇ ಇಲ್ಲ ಅಂದ. ಸರಿ, ಬೈಪಾಸಿನ ಗುಜರಿಯಲ್ಲಿ ಹುಡುಕಿದೆ. ಬಿಚ್ಚಿಹಾಕಿದ ಯಾವುದೋ ಅಂಬಾಸಿಡರಿನ ಟ್ಯಾಂಕು ಕೋಳಿಗೂಡಿಗೆ ಒತ್ತಾಗಿ ಬಿದ್ದಿತ್ತು. ಗುಜರಿಯವನು ಬೆರಳಲ್ಲಿ ಟಣ್ ಅಂತ ಬಾರಿಸಿ, "ಲೋಪಲ ಬಂಗಾರಂ ಅನ್ನಾ" ಅಂತ ತೆಲುಗಲ್ಲಿ ಹೊಗಳಿದ. ಒಳಗೆ ಬಂಗಾರವಂತೆ! ಅವಲಪಲ್ಲಿಗೆ ತಂದು ಬೋರಲು ಹಾಕಿದರೆ ಹೊರಬಂದ ಬಂಗಾರ ಯಾವುದು ಗೊತ್ತಾ? ಮೊದಲು ಒಣ ತುಕ್ಕು, ಪುಡಿಗಟ್ಟಿದ ಇಟ್ಟಿಗೆಯ ಹಾಗೆ. ಆಮೇಲೆ ಒಂದು ಹಲ್ಲಿ, ಬಾಲ ಬೇರೆ ಹಲ್ಲಿ ಬೇರೆ. ಆಮೇಲೆ ಕೊಳೆತ ಪೆಟ್ರೋಲು, ಗಟ್ಟಿಯಾಗಿ, ಕಂದುಬಣ್ಣಕ್ಕೆ, ಎಳೆ ಎಳೆಯಾಗಿ, ಥೇಟ್ ಜೋನಿಬೆಲ್ಲ. ವಾಸನೆ ಮೂಗಿಗೆ ಬರಲಿಲ್ಲ ಮಾವ, ನೇರ ಗಂಟಲಿಗೇ ಬಂತು. ಮಧ್ಯಾಹ್ನ ತಿಂದ ಮುದ್ದೆಯನ್ನು ನುಗ್ಗೆಮರದ ಬುಡಕ್ಕೆ ಒಪ್ಪಿಸಿದೆ.

ನನ್ನ ಕಸುಬೇ ಡ್ರಮ್ಮು ತೊಳೆಯೋದಲ್ಲವಾ? ಫ್ಯಾಕ್ಟರಿಗಳಿಂದ ಬರುವ ತುಕ್ಕು ಡ್ರಮ್ಮಿಗೆ ನಾವು ಮಾಡೋದು ಇಷ್ಟೇ: ಒಳಗೊಂದು ಸರಪಳಿ, ಎರಡು ಹಿಡಿ ಜಲ್ಲಿ, ಸ್ವಲ್ಪ ನೀರು, ಮುಚ್ಚಳ ಹಾಕಿ ಕಾಲಲ್ಲಿ ಗೋಡೌನ್ ಉದ್ದಕ್ಕೂ ಉರುಳಿಸೋದು. ಸರಪಳಿ ಉಜ್ಜಿಕೊಂಡು ತುಕ್ಕೆಲ್ಲ ಬಿಡುತ್ತದೆ. ಟ್ಯಾಂಕೂ ಒಂದು ಡ್ರಮ್ಮೇ ಅಂದುಕೊಂಡೆ. ಅತ್ತೆ ಹಸು ಮಾರಿದ ಮೇಲೆ ಮೊಳೆಗೆ ನೇತುಹಾಕಿದ್ದ ಸರಪಳಿಯನ್ನು ಮೇಲಿನ ತೂತಿನಿಂದ ಇಳಿಬಿಟ್ಟೆ. ಜಲ್ಲಿ ಹಾಕಿದೆ. ನಾನೂ ಸೆಲ್ವನೂ ಎರಡು ಕಡೆ ಹಿಡಿದು ಮಗುವನ್ನು ತೂಗಿದ ಹಾಗೆ ತೂಗಿದೆವು. ಏನು ಸದ್ದು, ಏನು ಸಂಭ್ರಮ! ಆಮೇಲೆ ಬಗ್ಗಿಸಿದರೆ ಜಲ್ಲಿ ಬಂತು, ಸರಪಳಿ ಬರಲಿಲ್ಲ.

ಸೆಲ್ವಂ ಟಾರ್ಚ್ ಬಿಟ್ಟು ನೋಡಿದ. "ಅಣ್ಣಾ, ಉಳ್ಳೆ ತಡುಪ್ಪು ಇರುಕ್ಕೇ!"

ಒಳಗೆ ತಡೆಗಳಿವೆಯಂತೆ. ಕಾರು ಓಡುವಾಗ ಪೆಟ್ರೋಲು ತುಳುಕದಿರಲಿ ಅಂತ ಟ್ಯಾಂಕಿನೊಳಗೆ ತಗಡಿನ ಗೋಡೆ ನಿಲ್ಲಿಸಿ ಅದಕ್ಕೆ ಕಿಂಡಿ ಬಿಟ್ಟಿರುತ್ತಾರೆ. ಸರಪಳಿ ಒಂದು ಕಿಂಡಿಯಲ್ಲಿ ಹೋಗಿ ಇನ್ನೊಂದರಲ್ಲಿ ಬಂದು ಗಂಟು ಹಾಕಿಕೊಂಡು ಸುಖವಾಗಿ ಕೂತಿತ್ತು. "ನಿಂಗ್ ಮೊದ್ಲೇ ಗೊತ್ತಿರ್ಲಿಲ್ವಾ?" ಅಂದೆ. "ನೀಂಗ ಡ್ರಮ್ಮು ಮೊದಲಾಳಿ, ನಾನು ಎನ್ನ ಸೊಲ್ಲೋದು?" ಅಂದ. ಡ್ರಮ್ಮಿನ ಯಜಮಾನನಿಗೆ ತಾನೇನು ಹೇಳೋದು ಅಂತ! ಕುಯ್ದು ತೆಗೆದರೆ ಮತ್ತೆ ವೆಲ್ಡಿಂಗ್ ಇಡಬೇಕು. ಪೆಟ್ರೋಲು ಕುಡಿದ ಟ್ಯಾಂಕಿಗೆ ಕಿಡಿ ತಾಗಿಸಿದರೆ ಡ್ಯಾಮಿಗೆ ಹೋಗೋದು ನಾವಲ್ಲ, ನಮ್ಮ ಬೂದಿ.

ಬುಧವಾರವೆಲ್ಲ ಕ್ಲಚ್ ವೈರು, ಇಕ್ಕಳ, ಆಯಸ್ಕಾಂತ ಅಂತ ಪರದಾಡಿದೆವು. ಗುರುವಾರ ಬೆಳಗ್ಗೆ ಅತ್ತೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನನ್ ಸರಪಣಿ ಎಲ್ಲೋ?"

"ಒಳಗದೆ ಅತ್ತೆ."

"ಅಯ್ ನಿನ್ ಬುದ್ಧಿಗಿಷ್ಟು! ಬಾವೀಲಿ ಬಿಂದ್ಗೆ ಬಿದ್ರೆ ಪಾತಾಳಗರಡಿ ಬಿಡಾಕಿಲ್ವೇನ್ಲಾ?"

ಕೊಂಡಿ ಕೊಂಡಿ ಇರುವ ಆ ಬಾವಿಯ ಕಬ್ಬಿಣದ ಗರಡಿಯನ್ನು ನೋಡಿ ಎಷ್ಟು ವರ್ಷವಾಗಿತ್ತೋ. ಸೆಲ್ವಂ ಸೈಕಲ್ ಕಡ್ಡಿ ಬಗ್ಗಿಸಿ ಅಂಗೈಯಷ್ಟು ಚಿಕ್ಕದೊಂದು ಗರಡಿ ಮಾಡಿದ. ಅತ್ತೆಯೇ ದಾರ ಹಿಡಿದು ಬಿಟ್ಟಳು. ಕಣ್ಣು ಮುಚ್ಚಿ, ಬಾವಿಕಟ್ಟೆಯಲ್ಲಿ ಕೂತ ಹಾಗೆ, ಎಳೆದು, ಸಡಿಲಿಸಿ, ಎಳೆದು... ಸೀರೆಯ ಮಡಿಲೆಲ್ಲ ತುಕ್ಕಿನ ಕೆಸರು. ಮುಸುರೆ ಪಾತ್ರೆಯಿಂದ ಹಾವು ಬಂದ ಹಾಗೆ ಸರಪಳಿ ಜಾರಿ ಬಂತು. ಅದನ್ನು ತೊಳೆದು ಮೊದಲಿನ ಮೊಳೆಗೇ ನೇತುಹಾಕಿ ಬಂದು, "ಮುಂದ್ಕೇನು?" ಅಂದಳು.

ಮುಂದಕ್ಕೆ ಹುಣಸೆಹಣ್ಣು. ಹಿತ್ತಾಳೆ ಬಿಂದಿಗೆಗೆ ಆಗೋದು ಟ್ಯಾಂಕಿಗೆ ಆಗಲ್ಲವಾ? ಆಸಿಡ್ ಅಂಗಡಿಯವನಿಗೆ ಯಾಕೆ ದುಡ್ಡು? ಬಿಸಿನೀರಲ್ಲಿ ಕಿವುಚಿ, ಉಪ್ಪು ಹಾಕಿ, ತುಂಬಿ ಬಿಸಿಲಿಗಿಟ್ಟೆ. ಹಣ್ಣು ಸೋಸಬೇಕು ಅಂತ ನನಗೆ ಹೊಳೆಯಲಿಲ್ಲ, ನಾರು ಬೀಜವೆಲ್ಲ ಒಳಗೇ ಹೋಯಿತು. ಮಾರನೆಯ ದಿನಕ್ಕೆ ಅದು ಹುಳಿಬಂದು ಉಬ್ಬಿ ಬಾಯಿಂದ ನೊರೆ ಕಾರತೊಡಗಿತು. ಕೊಳೆತ ಪೆಟ್ರೋಲಿಗೆ ಹಳಸಿದ ಸಾರು ಬೆರೆಸಿದರೆ ಹುಟ್ಟುವ ನಾತ ಯಾವ ನರಕದಲ್ಲೂ ಇರಲಾರದು. ಇದ್ದರೆ ನೀನೇ ಹೇಳಬೇಕು. ಊರ ನೊಣವೆಲ್ಲ ನೆಂಟರಾಗಿ ಬಂದವು. ಪಕ್ಕದ ಮನೆಯಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಎನ್ನಾ ಪಾಟ್ಟಿ, ಇದು ಎನ್ನ ನಾತ್ತಂ?" ಇದೇನಜ್ಜಿ ನಾತ ಅಂತ ಗೋಡೆಯಾಚೆಯಿಂದ ತಮಿಳಲ್ಲಿ ಕೂಗಿದಳು. ಅತ್ತೆ ಜಗ್ಗಲಿಲ್ಲ. "ಕಾರಿಗ್ ಸಾರ್ ಮಾಡ್ತಿದೀವಿ ಕಣಮ್ಮ, ಅನ್ನ ಇದ್ರೆ ತಗಂಬಾ."

ಅದನ್ನು ಚೆಲ್ಲಿದಾಗ ಟ್ಯಾಂಕಿನ ಒಳಗು ಸತ್ಯವಾಗಿ ಬೆಳ್ಳಿಯ ಹಾಗಿತ್ತು ಮಾವ. ಕೈ ತೂರಿಸಿ ನಾರು ತೆಗೆದೆ, ಆ ಕೈಯಲ್ಲಿ ಈಗಲೂ ಊಟ ಸೇರಲ್ಲ, ಚಮಚ ಇಟ್ಟುಕೊಂಡಿದ್ದೇನೆ. ಚೆನ್ನಾಗಿ ನೀರಲ್ಲಿ ತೊಳೆದು, ಒಣಗಲಿ ಅಂತ ಬೋರಲು ಹಾಕಿ ಹೆಮ್ಮೆಯಿಂದ ಮನೆಗೆ ಹೋದೆ. ಶನಿವಾರ ಬೆಳಗ್ಗೆ ನೋಡಿದರೆ ಒಳಗೆಲ್ಲ ಹೊಸ ತುಕ್ಕು, ಅರಿಸಿನ ಕುಂಕುಮ ಚೆಲ್ಲಿದ ಹಾಗೆ! ಸಿಪ್ಪೆ ಸುಲಿದ ಕಬ್ಬಿಣ ಒದ್ದೆಯಲ್ಲಿ ಬಿಟ್ಟರೆ ಬೆಳಗಾಗೋದರೊಳಗೆ ಮತ್ತೆ ತುಕ್ಕಂತೆ. ಅಷ್ಟೂ ಅಸಹ್ಯವನ್ನು ನಾನು ಎರಡನೇ ಸಲ ಮಾಡಿದೆ. ಈ ಸಲ ಹುಣಸೆರಸ ಸೋಸಿಯೇ ಹೊಯ್ದೆ. ತೊಳೆದ ಕೂಡಲೇ ಸೆಲ್ವಂ ಬ್ಲೋಯರ್ ಹಿಡಿದು ಒಣಗಿಸಿದ, ಬಿಸಿ ಇರುವಾಗಲೇ ಎಣ್ಣೆ ಹೊಯ್ದು ತಿರುಗಿಸಿದ. ಸಂಜೆ ಟ್ಯಾಂಕು ಡಿಕ್ಕಿಯಲ್ಲಿ ಕೂತಿತು. ಇಂಜಿನ್ನು ನಿನ್ನ ಹಾಗೇ ಎರಡು ಸಲ ಕೆಮ್ಮಿ, ಕ್ಯಾಕರಿಸಿ, ಎದ್ದಿತು.

ಭಾನುವಾರ ಅತ್ತೆ ಹಸಿರು ರೇಷ್ಮೆ ಸೀರೆ ಉಟ್ಟು ಬಂದು ಮುಂದೆ ಕೂತಳು. ನಾನು ಸ್ಟೇರಿಂಗು, ಸೆಲ್ವಂ ಹಿಂದೆ. ಕೂತ ಘಳಿಗೆಯಿಂದ ನಿನಗೆ ಬೈಗುಳ. ಸೀಟಿನ ಸ್ಪ್ರಿಂಗಿಗೆ ಒಂದು, ಬಾಗಿಲಿನ ಹಿಡಿಕೆಗೆ ಒಂದು, ನಾವು ಹಿಂದೆ ಹಾಕಿದ ಪ್ರತಿ ಬಸ್ಸಿಗೂ ಒಂದು. ಒಂದು ಬಸ್ಸಿಗೆ ಅವಳೇ ಕೈ ಚಾಚಿ ಹಾರ್ನ್ ಹೊಡೆದಳು. ಶೂಳಗಿರಿ ದಾಟುವಷ್ಟರಲ್ಲಿ ಗಾಡಿ ಎಳೆದೂ ಎಳೆದೂ ನಿಂತುಬಿಟ್ಟಿತು. ಉಳಿದ ತುಕ್ಕೆಲ್ಲ ಪೈಪಿಗೆ ಬಂದಿತ್ತು. ಗಾಡಿ ತಳ್ಳಿ ಪಕ್ಕಕ್ಕೆ ಹಾಕೋಣ, ಇಳಿ ಅತ್ತೆ ಅಂದೆ.

"ನಾ ಇಳಿಯಾಕಿಲ್ಲ."

"ಭಾರ ಆಯ್ತದೆ ಅತ್ತೆ."

"ಇಷ್ಟ್ ವರ್ಷ ಕೂರ್ಸಿಲ್ಲ, ಈಗ ಕೂತ್ಮೇಲೆ ಇಳಿ ಅಂತೀಯಾ? ತಳ್ರಲಾ."

ತಳ್ಳಿದೆವು. ಪೈಪು ಬಿಚ್ಚಿ ಬಾಯಿಟ್ಟು ಊದಿದೆ. ಆ ಕಡೆಯಿಂದ ಹೋಗಬೇಕಾದದ್ದು ಈ ಕಡೆಗೇ ಬಂತು. ಪೆಟ್ರೋಲು, ತುಕ್ಕು, ಹುಣಸೆ, ಎಣ್ಣೆ, ಎಲ್ಲ ಸೇರಿದ ಒಂದು ಗುಟುಕು. ಆ ರುಚಿಯನ್ನು ಬರೆಯೋ ಶಕ್ತಿ ನನಗಿಲ್ಲ. ಹೈವೇ ಪಕ್ಕದಲ್ಲಿ ಮಂಡಿಯೂರಿ ಉಗಿಯುತ್ತಿದ್ದರೆ ನಿನ್ನ ಹೆಂಡತಿ ಕಿಟಕಿಯಿಂದ ನೀರಿನ ಬಾಟಲಿ ಚಾಚಿದಳು, ಇಳಿಯಲಿಲ್ಲ. ಫಿಲ್ಟರು ಬದಲಿಸಿ ಹೊರಟೆವು, ಕೃಷ್ಣಗಿರಿ ಟೋಲಿನ ಹತ್ತಿರ ಇನ್ನೊಮ್ಮೆ ಬದಲಿಸಿದೆವು. ಡ್ಯಾಮು ಸಿಕ್ಕಿತು.

ಮೀನನ್ನೂ ಅವಳು ಕಾರಲ್ಲೇ ತಿಂದಳು. ನೀನು ಗಿರಾಕಿಗೆ ಕಡಲೆಕಾಯಿ ತಿನ್ನಲೂ ಬಿಡದ ಆ ಸೀಟಲ್ಲಿ ಪೇಪರ್ ತಟ್ಟೆ ಹರವಿಕೊಂಡು, ಖಾರದ ಎಣ್ಣೆ ಸೋರಿಸಿಕೊಂಡು, ಮುಳ್ಳನ್ನು ಕಿಟಕಿಯಿಂದ ನಾಯಿಗೆಸೆದು, ಕೊನೆಗೆ ಕೈಯನ್ನು ಸೀಟಿನ ಕವರಿಗೇ ಒರೆಸಿದಳು. ನನ್ನ ಬಾಯಿಗೆ ಮೀನೂ ಪೆಟ್ರೋಲೇ. ಆಮೇಲೆ ಸೀರೆ ಸ್ವಲ್ಪ ಎತ್ತಿ ಪಾದ ನೋಡಿಕೊಂಡಳು. ಕೆಂಪಗಾಗಿತ್ತು.

"ಇಂಜಿನ್ ಕಾವೆಲ್ಲ ಕಾಲ್ಗೇ ಹೊಡೀತದಲ್ಲೋ ಇಲ್ಲಿ. ಬಿಸ್ಲು ಮಕುಕ್ಕೇ. ದಿನಾ ಇದ್ರಲ್ಲೇ ಕೂತಿದ್ನಾ ನಿಮ್ಮಾವ?"

"ದಿನಾ."

"ಒಂದಿನಾನೂ ಯೋಳ್ಲಿಲ್ಲ."

ನೀರಿನ ಬಾಟಲಿ ಅವಳ ಕೈಗೆ ಕೊಟ್ಟು ಗಾಡಿ ತಿರುಗಿಸಿದೆ ಮಾವ.

ಸೋಮವಾರ ಟೆಂಪೋ ಬಂತು. ಮಾರಬೇಡ ಅಂತಾಳೇನೋ ಅಂತ ನಾನೂ ಮುನಿರಾಜನೂ ಮುಖ ಮುಖ ನೋಡಿಕೊಂಡೆವು. ಅವಳು ಬಾನೆಟ್ಟಿಗೆ ಅರಿಸಿನ ಕುಂಕುಮ ಇಟ್ಟು, ಕೈ ತೊಳೆದುಕೊಂಡು ಒಳಗೆ ಹೋದಳು. ಈಗ ಯಾರಿಗೇನು ಬಂತು ಅಂತ ಹೇಳಿ ಮುಗಿಸುತ್ತೇನೆ, ತಿಳಿದಿರಲಿ.

ಗುಜರಿಯವನಿಗೆ, ಕೋಳಿಗೂಡಿನ ಪಕ್ಕ ಒಂದಿಷ್ಟು ಜಾಗ ಮತ್ತು ನನ್ನ ದುಡ್ಡು. ಸೆಲ್ವಂಗೆ ಕೂಲಿ, ಎರಡು ತಟ್ಟೆ ಮೀನು. ಮುನಿರಾಜನಿಗೆ ಕಾರಿನ ಬೆಲೆ ಪೂರ್ತಿ. ಟ್ಯಾಂಕಿನ ಬೆಲೆ ನಾನೂ ಕೇಳಲಿಲ್ಲ, ಅವನೂ ಆ ಮಾತೆತ್ತಲಿಲ್ಲ. ಹೋಟೆಲಿನವನಿಗೆ ಓಡುವ ಸೋಫಾ, ಅವನಿಗೆ ಅದು ಗೊತ್ತಿಲ್ಲ. ನನಗೆ ತೊಳೆದರೂ ಹೋಗದ ಒಂದು ರುಚಿ. ಅತ್ತೆಗೆ ಮುಂದಿನ ಸೀಟು, ಹೋಗುವಾಗಲೂ ಬರುವಾಗಲೂ.

ನಿನಗೆ, ಹೋಗುವಾಗ ಡ್ಯಾಮಿನವರೆಗೂ ಬೈಗುಳ. ಬರುವಾಗ ಒಂದೂ ಇಲ್ಲ.

ನಿನ್ನ ಸೋದರಳಿಯ,
ನಾರಾಯಣ